ನೀರು ಕುಡಿಯದೆ ಅಳೆಯದವರು

ಕಾರವಾರದ ಹೊಸ ಬಡಾವಣೆಗಳಲ್ಲಿ ಕಂಪೌಂಡು ಗೋಡೆಗಳ ಬುಡದಲ್ಲಿ ಇವತ್ತಿಗೂ ಅಲ್ಲೊಂದು ಇಲ್ಲೊಂದು ಬಾಂದುಕಲ್ಲು ಕಾಣುತ್ತದೆ. ಅರ್ಧ ಮಣ್ಣಿನಲ್ಲಿ ಹುಗಿದಿರುತ್ತದೆ. ಸುಣ್ಣ ಬಳಿಯುವವರು ಗೋಡೆಯ ಜೊತೆಗೆ ಅದಕ್ಕೂ ಒಂದು ಕೈ ಬಳಿದು ಹೋಗಿರುತ್ತಾರೆ. ಅವುಗಳಲ್ಲಿ ಎಷ್ಟೋ ಕಲ್ಲುಗಳನ್ನು ಅಳೆದು ನಿಲ್ಲಿಸಿದ ಮನುಷ್ಯ ಈ ಬೇಸಿಗೆಯಲ್ಲಿ ಅಂಕೋಲೆಯಲ್ಲಿ ತೀರಿಕೊಂಡರು. ಸುದ್ದಿ ತಂದವಳು ನಮ್ಮ ಮನೆಗೆ ಮೀನು ತರುವ ಹೆಂಗಸು. ಬುಟ್ಟಿ ಇಳಿಸಿ, ಬಂಗಡೆ ಕೊಟ್ಟು, ಸೆರಗಿನಿಂದ ಮುಖ ಒರೆಸಿಕೊಂಡ ಮೇಲೆ, "ನಿಮ್ಮ ಆಫೀಸಿನ ನೀರು ಕುಡಿಯೂ ಸರ್ವೇರು ಹೋದ್ರಂತೆ ಬಾಯಿ" ಅಂದಳು. ನಾನು ಹೌದಾ ಅಂದೆ. ಮೀನು ತೊಳೆದೆ, ಮಸಾಲೆ ಅರೆದೆ, ಊಟವನ್ನೂ ಮಾಡಿದೆ. ಅಳು ಬರಲಿಲ್ಲ. ಆಮೇಲೂ ಬರಲಿಲ್ಲ.

ಎಂಬತ್ತರ ದಶಕದ ಮೊದಲಿಗೆ ನಾನು ಕಾರವಾರದಲ್ಲಿ ಜಮೀನು ಅಳೆಯುವವರ ಒಂದು ಕಚೇರಿಗೆ ಟೈಪಿಸ್ಟ್ ಆಗಿ ಸೇರಿದಾಗ ಅವರು ಅಲ್ಲಿ ಹಿರಿಯ ಸರ್ವೇಯರ್. ಇಬ್ಬರೂ ಅಂಕೋಲೆಯವರು. ದಿನಾ ಬೆಳಿಗ್ಗೆ ಒಂದೇ ಬಸ್ಸು, ಸಂಜೆ ಒಂದೇ ಬಸ್ಸು. ಅವರು ಯಾವತ್ತೂ ಸಮುದ್ರದ ಕಡೆಯ ಕಿಟಕಿಗೆ ಕೂರುತ್ತಿರಲಿಲ್ಲ. "ಆ ಬದಿಗೆ ಅಳೆಯೂದು ಎಂಥದ್ದೂ ಇಲ್ಲ ತಂಗಿ" ಎನ್ನುತ್ತಿದ್ದರು. ಗುಡ್ಡದ ಕಡೆಗೆ ಕೂತು, ಹೋಗುವ ಬರುವ ಗದ್ದೆಗಳನ್ನು ಹುಡುಗಿ ನೋಡಲು ಬಂದವರ ಹಾಗೆ ನೋಡುತ್ತಿದ್ದರು. ಕುಳ್ಳಗೆ, ಕಪ್ಪಗೆ, ತಲೆಗೆ ಮಾಸಿದ ಬಿಳಿ ಟೊಪ್ಪಿಗೆ, ಕಂಕುಳಲ್ಲಿ ಕೊಡೆ. ನಡೆಯುವಾಗ ಹೆಜ್ಜೆ ಎಲ್ಲವೂ ಒಂದೇ ಅಳತೆ. ಮದುವೆ ಮನೆಯಲ್ಲಿ ಊಟಕ್ಕೆ ಏಳುವಾಗಲೂ ಹಾಗೆಯೇ ನಡೆಯುತ್ತಿದ್ದರು. ನಾವು ಹೆಂಗಸರು ಅದನ್ನು ನೋಡಿ ಬಾಯಿಗೆ ಸೆರಗು ಹಿಡಿಯುತ್ತಿದ್ದೆವು.

ಅವರದೊಂದು ನೇಮ. ಯಾರದೇ ಜಾಗ ಇರಲಿ, ಆ ಮನೆಯ ಬಾವಿಯ ನೀರು ಕೇಳಿ ಕುಡಿಯದೆ ಅಳತೆಯ ಸರಪಳಿ ಬಿಚ್ಚುತ್ತಿರಲಿಲ್ಲ. ಚಹಾ ಕೊಟ್ಟರೆ ಬೇಡ, ಮಜ್ಜಿಗೆ ಕೊಟ್ಟರೆ ಬೇಡ. ನೀರೇ ಆಗಬೇಕು, ಆ ಮನೆಯ ಬಾವಿಯದೇ ಆಗಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕೋಡಿಬಾಗದ ಕಡೆ ಒಬ್ಬ ಮುದುಕಿಯ ಹಿತ್ತಿಲನ್ನು ರಸ್ತೆಗಾಗಿ ಅಳೆಯಲು ಹೋಗಿದ್ದರಂತೆ. ಮುದುಕಿ ಅಳುತ್ತಲೇ ಒಂದು ಚೊಂಬು ನೀರು ತಂದು ಕೈಗಿಟ್ಟು, "ಕುಡ್ದು ಅಳತೆ ಮಾಡು ಮಗಾ, ನಮ್ಮನೆ ನೀರು ಹೊಟ್ಟೇಲಿ ಇದ್ರೆ ನೀ ಸುಳ್ಳು ಬರೆಯೂದಿಲ್ಲ" ಎಂದಳಂತೆ. ಅಂದಿನಿಂದ ಶುರು. ಉಪ್ಪುಂಡ ಮನೆಗೆ ಎರಡು ಬಗೆಯಬಾರದು ಎನ್ನುತ್ತಾರಲ್ಲ ಎಂದು ನಾನೊಮ್ಮೆ ಅಂದರೆ, "ನಮ್ಮ ಕಡೆ ಉಪ್ಪು ಬೇರೆ ಬೇಕಾ, ನೀರಲ್ಲೇ ಅದೆ" ಎಂದು ನಕ್ಕಿದ್ದರು.

ಹೀಗೆ ಕುಡಿದೂ ಕುಡಿದೂ ಅವರಿಗೆ ಕಾರವಾರವೆಂದರೆ ಬಾವಿಗಳ ಊರಾಗಿತ್ತು. ಎಲ್ಲರೂ ಊರಿನ ಚರಿತ್ರೆಯನ್ನು ಕೋಟೆಯಿಂದಲೋ ಬಂದರಿನಿಂದಲೋ ಶುರು ಮಾಡಿದರೆ ಇವರು ಬಾವಿಯಿಂದ ಶುರು ಮಾಡುವರು. ಬಸ್‌ಸ್ಟ್ಯಾಂಡಿನಿಂದ ಕಚೇರಿಗೆ ನಡೆಯುವಾಗ ಒಂದು ಮೂರಂತಸ್ತಿನ ಕಟ್ಟಡ ತೋರಿಸಿ, "ಇದರ ಅಡಿಗೆ ಒಂದು ಬಾವಿ ಇತ್ತು. ಆ ನೀರಲ್ಲಿ ತೊಗರಿಬೇಳೆ ಒಂದೇ ಕುದಿಗೆ ಬೇಯ್ತಿತ್ತು" ಎನ್ನುವರು. ಸುಂಕೇರಿಯ ಬದಿ ಹೊಳೆ ಹತ್ತಿರದ ಬಾವಿ ಬೇಸಿಗೆಯಲ್ಲಿ ಸವಳು. ಹಬ್ಬುವಾಡದ್ದು ತಂಪು. ಮಲ್ಲಾಪುರದಲ್ಲಿ ಕ್ವಾರ್ಟರ್ಸ್ ಏಳುವ ಮುಂಚೆ ಅಲ್ಲಿಗೂ ಹೋಗಿ ನೀರು ಕುಡಿದು ಬಂದಿದ್ದರು. ಅಲ್ಲಿಯ ನೀರಿಗೆ ಕಾಡಿನ ಬೇರಿನ ವಾಸನೆ ಎನ್ನುತ್ತಿದ್ದರು. ಆ ಬಾವಿಗಳಲ್ಲಿ ಹೆಚ್ಚಿನವು ಈಗ ಮುಚ್ಚಿಹೋಗಿವೆ. ಮುಚ್ಚಲು ಬೇಕಾದ ಗೆರೆ ಎಳೆದವರು ಇವರೇ. ಅದು ಅವರಿಗೆ ಗೊತ್ತಿತ್ತು, ಮತ್ತು ಅದರಲ್ಲಿ ಅಡಗಿಸುವಂಥದ್ದು ಏನೂ ಇರಲಿಲ್ಲ. "ಪಡುವಕ್ಕೆ ಸಮುದ್ರ, ಬಡಗಕ್ಕೆ ಹೊಳೆ, ಉಳಿದದ್ದು ಗುಡ್ಡ. ಪರಾತದಲ್ಲಿ ಕೂತ ಊರು ಇದು. ಬೆಳೀಬೇಕು ಅಂದ್ರೆ ಗದ್ದೆ ತಿನ್ನೂದೇ ಸೈ" ಎನ್ನುತ್ತಿದ್ದರು.

ಮಾತಿನಲ್ಲಿ ಚೇಷ್ಟೆ ಇತ್ತು. ಕಾಳಿ ನದಿಗೆ ಸೇತುವೆಯಾದ ಮೇಲೆ, "ಮುಂಚೆ ಮಾಜಾಳಿಯವರು ಕಾರವಾರಕ್ಕೆ ಬರೂದಂದ್ರೆ ಬುತ್ತಿ ಕಟ್ಕಂಡು ದೋಣಿ ಹತ್ತೂರು. ಈಗ ಕಟಿಂಗ್ ಮಾಡ್ಸೂಕೆ ಬಂದು, ಅಂಗಡಿಯಲ್ಲಿ ರಶ್ ಅದೆ ಅಂತ ಗೋವೆಗೆ ಹೋಗ್ತ್ರು" ಎಂದಿದ್ದರು. ಮುಂದೆ ರೈಲು ಬಂದು, ಸ್ಟೇಷನ್ನು ಪೇಟೆಯಿಂದ ಅಷ್ಟು ದೂರ ಗುಡ್ಡದ ಕಡೆಗೆ ಆದಾಗ ಇಂಥದ್ದೇ ಏನಾದರೂ ಹೇಳುತ್ತಾರೆಂದು ಕಾದೆ. ಆ ಹೊತ್ತಿಗೆ ಅವರು ಏನನ್ನೂ ಹೇಳುವುದನ್ನು ಬಿಟ್ಟಿದ್ದರು.

ನೀರಿನ ನೇಮ ಮಾತ್ರ ಮಾಜಾಳಿಯಿಂದ ಅಂಕೋಲೆಯ ತನಕ ಎಲ್ಲರಿಗೂ ಗೊತ್ತಾಗಿಹೋಗಿತ್ತು. ಜೀಪು ನಿಂತದ್ದೇ ಮಕ್ಕಳು "ನೀರು ಕುಡಿಯೂ ಸರ್ವೇರು ಬಂದ್ರು" ಎಂದು ಕೂಗಿಕೊಂಡು ಓಡುವವು. ಹೆಂಗಸರು ಹಿತ್ತಾಳೆ ಚೊಂಬನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ತರುವರು. ನಮ್ಮ ಸಾಹೇಬರು ಹೊಸಬರಿಗೆ ಅವರನ್ನು ಪರಿಚಯ ಮಾಡಿಸುವಾಗ ಮೊದಲು ಹೇಳುತ್ತಿದ್ದದ್ದು ಇದನ್ನೇ. ಅವರಿಗೂ ಅದು ಇಷ್ಟವಿತ್ತು. ಬೇಡ ಬೇಡ ಎನ್ನುತ್ತಲೇ ಕಿವಿ ಕೊಟ್ಟು ಕೇಳುತ್ತಿದ್ದರು.

ಆಮೇಲೆ ಒಂದು ಯೋಜನೆ ಬಂತು. ಅದರ ಹೆಸರು ಇಲ್ಲಿ ಬೇಡ. ಬೆಳೆಯುವ ಊರಿಗೆ ಒಂದರ ಮೇಲೊಂದು ಯೋಜನೆ ಬರುತ್ತಲೇ ಇರುತ್ತವೆ. ಅಮದಳ್ಳಿಯಿಂದ ಆಚೆಗೆ, ಅಂಕೋಲೆಯ ದಾರಿಯಲ್ಲಿ, ಒಂದು ಸಣ್ಣ ಕೇರಿ ಅದರೊಳಗೆ ಹೋಗುವುದೆಂದು ತೀರ್ಮಾನವಾಯಿತು. ನೋಟೀಸು ಟೈಪು ಮಾಡಿದವಳು ನಾನು. ಒಂದು ಹೆಸರಿನ ಹತ್ತಿರ ಬೆರಳು ನಿಂತಿತು. ಅದು ಅವರ ಭಾವನ ಹೆಸರು. ಅವರ ಒಬ್ಬಳೇ ಅಕ್ಕನನ್ನು ಆ ಕೇರಿಗೆ ಕೊಟ್ಟಿತ್ತು. ತಾಯಿ ಬೇಗ ಹೋದ ಮನೆಯಲ್ಲಿ ಇವರನ್ನು ಎತ್ತಿ ಆಡಿಸಿದವಳು ಅವಳೇ ಎಂದು ಬಸ್ಸಿನಲ್ಲಿ ಎಷ್ಟು ಸಲ ಹೇಳಿದ್ದರೋ. ಅವರು ಬಂದು ನನ್ನ ಮೇಜಿನ ಬದಿಗೆ ನಿಂತು, ಕಾಗದವನ್ನು ಮೇಲಿನಿಂದ ಕೆಳಗಿನ ತನಕ ಓದಿದರು.

"ಸಾಫ್ ಬಂದದೆ ತಂಗಿ. ಹೊಸ ರಿಬ್ಬನ್ನಾ?"

"ಹೌದು ಅಣ್ಣ."

ಅಷ್ಟೇ ಮಾತು. ಸಂಜೆ ಬಸ್ಸಿನಲ್ಲಿ ನಾನೇ ತಡೆಯದೆ, ಸ್ವಂತ ಅಕ್ಕನ ಮನೆ, ಬೇರೆ ಯಾರಿಗಾದರೂ ಈ ಕೆಲಸ ಕೊಡಲು ಸಾಹೇಬರಿಗೆ ಹೇಳಿ ಎಂದೆ. ಅವರು ತಲೆಯಾಡಿಸಿದರು. ಅಕ್ಕನ ಮನೆಯವರಿಗೆ ಮನೆ ಹಿತ್ತಿಲು ಬಿಟ್ಟರೆ ಇದ್ದದ್ದು ಗಜನಿ. ಗಜನಿಯೆಂದರೆ ಹೊಳೆಯ ಅಂಚಿನ ಗದ್ದೆ. ಮಳೆಗಾಲದಲ್ಲಿ ಉಪ್ಪು ತಡೆಯುವ ಕಗ್ಗದ ಭತ್ತ. ಕೊಯ್ಲು ಆದ ಮೇಲೆ ಒಡ್ಡಿನ ಬಾಗಿಲು ತೆಗೆದು ಉಪ್ಪುನೀರು ಒಳಗೆ ಬಿಡುತ್ತಾರೆ, ಬೇಸಿಗೆ ಮುಗಿಯುವ ತನಕ ಅದು ಮೀನಿನ ಹೊಂಡ. ಅಜ್ಜನ ಕಾಲದಿಂದ ಉಳುತ್ತ ಬಂದದ್ದು, ಆದರೆ ಕಾಗದದಲ್ಲಿ ಅವರ ಹೆಸರಿಗೆ ಆಗಿರಲಿಲ್ಲ. ಅಂಥ ಜಾಗಕ್ಕೆ ಪರಿಹಾರ ಸಿಗಬೇಕಾದರೆ, ಸ್ಥಳಕ್ಕೆ ಹೋದವನು ಕಂಡು ಏನು ಬರೆಯುತ್ತಾನೋ ಅದೇ ಆಧಾರ.

"ಈಗ ನೀರು ಬಿಟ್ಟ ಹೊತ್ತು. ಬೇರೆಯವ ಹೋದ್ರೆ ನೀರು ಕಂಡು ನೀರು ಅಂತ ಬರೀತ. ನಾ ಹೋದ್ರೆ ಗದ್ದೆ ಅಂತ ಬರೀತೆ. ಅದಕ್ಕೆ ನಾನೇ ಹೋಗೂದು ಬೇಕು" ಎಂದರು.

ಶಿವರಾತ್ರಿ ಕಳೆದಿತ್ತು. ಮನೆಗಳಲ್ಲಿ ಹೆಂಗಸರ ಹತ್ತಿರ ಮಾತಾಡಲು ಒಬ್ಬ ಹೆಂಗಸು ಇರಲಿ ಎಂದು ನನ್ನನ್ನೂ ಜೀಪಿನಲ್ಲಿ ಕೂರಿಸಿಕೊಂಡು ಹೋದರು. ಕೇರಿಯಲ್ಲಿ ಗಲಾಟೆ ಇರಬಹುದೆಂದು ಹೆದರಿದ್ದೆ. ಏನೂ ಇರಲಿಲ್ಲ. ಎಲ್ಲರೂ ತಮ್ಮ ತಮ್ಮ ಜಗಲಿಯಲ್ಲಿ ಕೂತಿದ್ದರು. ಮೊದಲನೆಯ ಮನೆಯ ಮುದುಕ ಎದ್ದು ನಿಂತು ನಮಸ್ಕಾರ ಮಾಡಿ, ಎಲೆಯಡಿಕೆಯ ತಟ್ಟೆ ಮುಂದಿಟ್ಟ. ಇವರು ಎಂದಿನ ಹಾಗೆ ನೀರು ಕೇಳಿದರು.

"ನೀರು ಇಲ್ಲ ಸಾಹೇಬ್ರೆ."

"ಬಾವಿ ತುಂಬಿ ಅದೆಯಲ್ಲ ಅಜ್ಜ."

"ಅದೆ. ನಿಮಗೆ ಇಲ್ಲ."

ಮಾತಿನಲ್ಲಿ ಸಿಟ್ಟಿರಲಿಲ್ಲ. ಎರಡನೆಯ ಮನೆಯಲ್ಲೂ ಹಾಗೆಯೇ. ಮೂರನೆಯದರಲ್ಲೂ. ಬೆಲ್ಲ ಕೊಟ್ಟರು, ಬಾಳೆಹಣ್ಣು ಕೊಟ್ಟರು, ನನಗೆ ಹಣೆಗೆ ಕುಂಕುಮ ಇಟ್ಟರು. ಹಗ್ಗ ಕೊಡಪಾನ ಎಲ್ಲ ಒಳಗೆ. ಒಂದು ಮನೆಯಲ್ಲಿ ಗಂಡಸೊಬ್ಬ ಬಿಸಿಲು ಕಂಡು ಕನಿಕರಪಟ್ಟು ಎಳನೀರು ಕೆತ್ತಿ ತಂದ. ಅವನ ಹೆಂಡತಿ ಒಳಗಿನಿಂದ ಓಡಿ ಬಂದು, "ಅದೂ ನೀರೇ ಅಲ್ವನ, ನಿಂಗೆ ಬುದ್ಧಿ ಅದ್ಯಾ?" ಎಂದು ಅವನ ಕೈಯಿಂದಲೇ ಕಸಿದುಕೊಂಡಳು. ಎಳನೀರು ಬಾವಿಯ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ಜಗಲಿಯಲ್ಲಿ ಚರ್ಚೆಯೇ ಆಯಿತು. ಇವರು ನಕ್ಕರು. ನಾನೂ ನಕ್ಕೆ. ಆಗ ಇನ್ನೂ ನಗಬಹುದಿತ್ತು.

ಅಕ್ಕನ ಮನೆ ಕೊನೆಯದು. ಅವಳು ಬಾವಿಕಟ್ಟೆಯ ಮೇಲೆಯೇ ಕೂತಿದ್ದಳು, ಕೊಡಪಾನ ಮಡಿಲಲ್ಲಿ ಇಟ್ಟುಕೊಂಡು. ಇವರಿಗಿಂತ ಎತ್ತರ, ಕೈಗಳು ಗಂಡಸಿನ ಕೈಗಳ ಹಾಗೆ.

"ಬಂದ್ಯಾ ತಮಾ?"

"ಬಂದೆ ಅಕ್ಕ."

"ಉಂಡ್ಕಂಡು ಹೋಗು. ನೊಗಲಿ ಮೀನಿನ ಹುಳಿ ಮಾಡಿದ್ದೆ."

"ನೀರು ಕೊಡು ಅಕ್ಕ."

"ಅನ್ನ ಕೊಡ್ತೆ. ನೀರು ಕೊಡೂದಿಲ್ಲ. ನೀರು ಕುಡೀದೆ ಅಳೆಯೂಕೆ ಬರೂದಿಲ್ಲ ಅಲ್ವ ನಿಮ್ಮ ಸರ್ಕಾರದಲ್ಲಿ? ಹಂಗಾರೆ ಅಳೆಯೂದು ಬೇಡ."

ಆಗ ನಮಗಿಬ್ಬರಿಗೂ ಗೊತ್ತಾಯಿತು. ಆ ಕೇರಿಯವರು ಅಷ್ಟು ವರ್ಷ ಕಂಡ ಸರ್ವೇಯರ್ ಎಂದರೆ ಇವರೊಬ್ಬರೇ. ಇವರು ಬಂದಾಗಲೆಲ್ಲ ಮೊದಲು ನೀರು ಕೇಳಿದ್ದಾರೆ, ಕುಡಿದ ಮೇಲೆ ಅಳೆದಿದ್ದಾರೆ. ಅದು ಕಾಯ್ದೆ ಎಂದು ಅವರೆಲ್ಲ ತಿಳಿದಿದ್ದರು. ನೀರು ಕೊಡುವುದೆಂದರೆ ಒಪ್ಪಿಗೆ ಕೊಡುವುದು, ಕೊಡದಿದ್ದರೆ ಸರ್ಕಾರವೇ ಬಂದರೂ ಸರಪಳಿ ಬಿಚ್ಚುವ ಹಾಗಿಲ್ಲ ಎಂದು ಕೇರಿಯೆಲ್ಲ ಕೂತು ತೀರ್ಮಾನ ಮಾಡಿತ್ತು. ಯಾವ ವಕೀಲನನ್ನೂ ಕೇಳಿರಲಿಲ್ಲ. ಕೇಳುವ ಅಗತ್ಯವೇ ಅವರಿಗೆ ಕಂಡಿರಲಿಲ್ಲ.

ಅವರು ಅಕ್ಕನ ಎದುರಿಗೆ ನೆಲದ ಮೇಲೆ ಕೂತರು. "ಅದು ಕಾಯ್ದೆ ಅಲ್ಲ ಅಕ್ಕ, ನನ್ನ ನೇಮ. ನಾ ಅಳೀದಿದ್ರೆ ಬೇರೆಯವ ಬಂದು ಅಳೀತ" ಎಂದರು.

"ಅವನೂ ಕೇಳ್ಲಿ. ಅವಂಗೂ ಕೊಡೂದಿಲ್ಲ."

ಸರಪಳಿ ಹಿಡಿಯುವ ಆಳುಗಳು ಬೇಲಿಯ ಹತ್ತಿರ ಕಾಯುತ್ತಿದ್ದರು. ಹಿತ್ತಿಲ ಆಚೆ ಗಜನಿಯಲ್ಲಿ ನೀರು ತುಂಬಿ ಬಿಸಿಲಿಗೆ ಕಣ್ಣು ಬಿಡಲು ಆಗುತ್ತಿರಲಿಲ್ಲ. ನಾನು ಮೆಲ್ಲಗೆ, "ಅಣ್ಣ, ಇವತ್ತೊಂದಿನ ನೇಮ ಬಿಟ್ಟು ಅಳೆದುಬಿಡಿ" ಎಂದೆ. ಅವರು ನನ್ನ ಮುಖವನ್ನೇ ನೋಡಿದರು.

"ಆಗೂದಿಲ್ಲ ತಂಗಿ. ಕಾಲು ಏಳೂದಿಲ್ಲ."

ಅಕ್ಕ ಹಾಕಿದ ಅನ್ನ ಉಂಡರು. ಕೈ ತೊಳೆಯಲೂ ಜೀಪಿನಲ್ಲಿದ್ದ ನೀರಿಗೇ ಬಂದರು. ಸರಪಳಿ ಬಿಚ್ಚದೆಯೇ ನಾವು ಕಾರವಾರಕ್ಕೆ ವಾಪಸ್ಸಾದೆವು. ಹಿಂದಿನಿಂದ ಕೇರಿಯ ಮಕ್ಕಳು ಕೇಕೆ ಹಾಕಿದರು. ದೊಡ್ಡವರು ಜಗಲಿಯಲ್ಲಿ ನಿಂತು ಇವರಿಗೆ ಕೈ ಮುಗಿದರು. ಗೆದ್ದೆವೆಂದೇ ಅವರಿಗೆ ಅನಿಸಿತ್ತು. ತಮ್ಮವನು ಮಾತಿಗೆ ನಿಂತ ಎಂದು ಹೆಮ್ಮೆಯೂ ಇತ್ತು.

ಕಚೇರಿಯಲ್ಲಿ ಸಾಹೇಬರು ಯಾಕೆ ಅಳೆಯಲಿಲ್ಲ ಎಂದು ಕೇಳಿದರು. ನೀರು ಕೊಡಲಿಲ್ಲ ಎಂದು ಇವರು ಹೇಳಿದರು. ಸಾಹೇಬರು ಮೊದಲು ನಕ್ಕರು, ಆಮೇಲೆ ನಗಲಿಲ್ಲ.

ಬೇರೆ ಜಿಲ್ಲೆಯಿಂದ ಒಬ್ಬ ಹುಡುಗ ಸರ್ವೇಯರನನ್ನು ಕರೆಸಿದರು. ಬಯಲುಸೀಮೆಯವನು, ಒಳ್ಳೆಯ ಹುಡುಗ, ಯಾರಿಗೂ ಎದುರು ಮಾತಾಡದವನು. ಅವನಿಗೂ ಯಾರೂ ನೀರು ಕೊಡಲಿಲ್ಲ. ಅವನು ಕೇಳಿದ್ದರೆ ತಾನೇ! ಅವನ ಜೀಪಿನಲ್ಲಿ ಅವನದೇ ನೀರಿನ ಕ್ಯಾನು ಇತ್ತು. ಒಂದೇ ದಿನದಲ್ಲಿ ಅಳೆದು, ಕಲ್ಲು ನಿಲ್ಲಿಸಿ, ಸಂಜೆಗೆ ಬಂದ. ಕೇರಿಯವರು ಜಗಲಿಯಿಂದ ಏಳಲಿಲ್ಲವಂತೆ. ಯಾರೂ ಅವನ ಹತ್ತಿರ ಹೋಗಿ ಇದು ಗದ್ದೆ ಎಂದು ಹೇಳಲೂ ಇಲ್ಲ. ನೀರು ಕುಡಿಯದವನ ಅಳತೆ ಹೇಗೂ ಲೆಕ್ಕಕ್ಕೆ ಬರುವುದಿಲ್ಲವಲ್ಲ. ಅವನು ಗಜನಿ ಎಂಬುದನ್ನು ಜನ್ಮದಲ್ಲಿ ಕಂಡವನಲ್ಲ. ನೀರು ನಿಂತ ಜಾಗ ಎಂದು ಬರೆದ. ಅವನು ಕಂಡದ್ದು ಅದೇ. ನಾನು ಅದನ್ನು ಟೈಪು ಮಾಡಿದೆ.

ಇವರು ತಕರಾರು ಅರ್ಜಿ ಬರೆಸಿದರು. ಸಾಹೇಬರ ಮುಂದೆ ನಿಂತು, ಅದು ಭತ್ತ ಬೆಳೆಯುವ ನೆಲ, ತಾನು ಸಾಕ್ಷಿ ಎಂದರು. ಹಾಗಾದರೆ ಸ್ಥಳಕ್ಕೆ ಹೋಗಿದ್ದಾಗ ಅದನ್ನು ಬರೆಯದೆ ಯಾಕೆ ಬಂದಿರಿ ಎಂದು ಸಾಹೇಬರು ಕೇಳಿದರು. ಬಾಗಿಲಲ್ಲಿ ನಾನು ಫೈಲು ಹಿಡಿದು ನಿಂತಿದ್ದೆ. ಅವರು ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡರು.

ಕೇರಿ ಹೋಯಿತು. ಮನೆಗಳಿಗೆ ಪರಿಹಾರ ಬಂತು, ಗಜನಿಗೆ ಬರಲಿಲ್ಲ. ಅಂಕೋಲೆಯ ಕಡೆ ಗುಡ್ಡದ ಬುಡದಲ್ಲಿ ಅವರಿಗೆಲ್ಲ ಸಾಲಾಗಿ ಜಾಗ ಕೊಟ್ಟರು. ಅಕ್ಕನ ಗಂಡ ಅಲ್ಲಿ ಹೆಚ್ಚು ದಿನ ಬದುಕಲಿಲ್ಲ. ಇಬ್ಬರು ಗಂಡುಮಕ್ಕಳು ಗದ್ದೆ ಮಾಡುವವರು, ಕಾರವಾರಕ್ಕೆ ಬಂದು ಹೊಸ ಮನೆಗಳ ಸೆಂಟ್ರಿಂಗ್ ಕೆಲಸಕ್ಕೆ ಸೇರಿದರು. ಒಂದು ಊರು ಬರುವವರಿಂದ ಬೆಳೆಯುತ್ತದೆ, ತಾನೇ ಎಬ್ಬಿಸಿ ಕಳಿಸಿದವರ ಕೈಯಿಂದಲೂ ಬೆಳೆಯುತ್ತದೆ. ಈ ಮಾತು ಅವರದಲ್ಲ, ನನ್ನದು. ಅವರು ಆಗ ಇಂಥ ಮಾತುಗಳನ್ನೆಲ್ಲ ಬಿಟ್ಟಿದ್ದರು.

ಅದಾದ ಮೇಲೆ ಅವರು ಯಾವ ಮನೆಯಲ್ಲೂ ನೀರು ಕೇಳಲಿಲ್ಲ. ಜನ ಚೊಂಬು ಹಿಡಿದು ಬಂದರೆ ಬಾಯಾರಿಕೆ ಇಲ್ಲ ಎನ್ನುವರು. ಕೆಲಸ ಮೊದಲಿಗಿಂತ ಬೇಗ ಆಗುತ್ತಿತ್ತು. ತೊಂಬತ್ತರ ಆ ವರ್ಷಗಳಲ್ಲಿ ಊರೂ ಹಾಗೆಯೇ ಬೆಳೆಯಿತು, ಕೇಳಿದವರಿಗೆಲ್ಲ ಸೈಟು. ಕಚೇರಿಗೆ ನಡೆಯುವಾಗ ನಾನು ಯಾವುದಾದರೂ ಹೊಸ ಕಟ್ಟಡ ತೋರಿಸಿ, "ಇಲ್ಲಿ ಮುಂಚೆ ಎಂಥ ಇತ್ತು ಅಣ್ಣ?" ಎಂದು ಕೆಣಕುತ್ತಿದ್ದೆ. "ನೆನಪಿಲ್ಲ ತಂಗಿ" ಎನ್ನುತ್ತಿದ್ದರು. ಸುಳ್ಳು ಹೇಳುತ್ತಿದ್ದಾರೆಂದು ಗೊತ್ತಾಗುತ್ತಿತ್ತು. ನನಗೂ ಕ್ರಮೇಣ ಕೇಳುವುದು ಬೇಜಾರಾಯಿತು. ನಿವೃತ್ತಿಯ ದಿನ ಶಾಲು ಹೊದೆಸಿ, ನೀರಿನ ನೇಮದ ಬಗ್ಗೆ ಯಾರೋ ಭಾಷಣ ಶುರು ಮಾಡಿದರು. ಬಸ್ಸಿಗೆ ಹೊತ್ತಾಯಿತು ಎಂದು ಇವರು ನಡುವೆಯೇ ಎದ್ದು ಹೋದರು. ಹಾರ ಕುರ್ಚಿಯ ಮೇಲೆ ಉಳಿಯಿತು.

ಅಕ್ಕನ ಮನೆಗೆ ಹೋಗುವುದನ್ನು ಮಾತ್ರ ಬಿಟ್ಟಿರಲಿಲ್ಲ. ಹಬ್ಬಕ್ಕೆ ಹೋಗುವರು, ಸೀರೆ ಕೊಟ್ಟು ಬರುವರು. ಅವಳು ಉಣ್ಣಲು ಹಾಕುವಳು. ಅವಳು ಒಂದು ಮಾತೂ ಬೈಯಲಿಲ್ಲ ಎಂದು ಅವರು ನನಗೆ ಹೇಳಿದ್ದು ಒಂದೇ ಸಲ. ಅದನ್ನು ಹೇಳುವಾಗ ಅವರ ಮುಖದಲ್ಲಿ ಏನೂ ಇರಲಿಲ್ಲ. "ಬೈದಿದ್ರೆ ಚಲೋ ಇತ್ತು" ಎಂದು ಸೇರಿಸಿ ಬಸ್ಸಿನ ಕಿಟಕಿಯ ಕಡೆ ತಿರುಗಿದರು.

ಅವರು ತೀರಿದ ಹನ್ನೆರಡನೆಯ ದಿನದ ಊಟಕ್ಕೆ ನಾನು ಹೋಗಿದ್ದೆ. ಅಕ್ಕ ಬಂದಿದ್ದಳು. ಎತ್ತರವೆಲ್ಲ ಬಾಗಿ ಹೋಗಿತ್ತು, ಕೈ ಮಾತ್ರ ಮೊದಲಿನಷ್ಟೇ ಅಗಲ. ಊಟವಾದ ಮೇಲೆ ಇಬ್ಬರೂ ಬಸ್ಸಿಗೆ ಕಾಯುತ್ತ ಒಂದೇ ಕಲ್ಲಿನ ಮೇಲೆ ಕೂತೆವು. ಏನಾದರೂ ಒಂದು ಹೇಳಬೇಕಲ್ಲ ಎಂದು ನಾನು, "ಆ ದಿನದ್ದು ಅವರಿಗೆ ಕೊನೆ ತನಕ ಮನಸ್ಸಲ್ಲಿತ್ತು ಅಕ್ಕ. ಅದು ಕಾಯ್ದೆ ಅಲ್ಲ ಅಂತ ಅವರು ನಿಮಗೆ ಹೇಳಿದ್ದರು" ಎಂದೆ.

"ಹೇಳಿದ್ದ" ಎಂದಳು. "ಹೇಳಿ ನೆಲದ ಮೇಲೆ ಕೂತೇ ಇದ್ದ. ನಾವು ಓದಿದವರಲ್ಲ, ಹೇಳಿದ್ರೆ ನಮಗೆ ಹೇಗೆ ತಿಳೀತದೆ? ಕೊಡಪಾನ ನನ್ನ ಮಡಿಲಲ್ಲೇ ಇತ್ತು. ಬಾವಿ ಬದಿಗೇ ಇತ್ತು."

ದೂರದಲ್ಲಿ ಬಸ್ಸು ಕಂಡಿತು. ಅವಳು ಮೊಣಕಾಲಿಗೆ ಕೈ ಕೊಟ್ಟು ಎದ್ದಳು.

"ಸಣ್ಣವ ಇದ್ದಾಗ ನನ್ನ ಕೈಯಲ್ಲಿ ಇದ್ದದ್ದು ಎಲ್ಲ ಕಸ್ಕಂಡೇ ತಿಂತಿದ್ದ. ಒಂದಿನ ಕೇಳಿದವ ಅಲ್ಲ. ಅವತ್ತೊಂದಿನ ಮಾತ್ರ ಕೇಳ್ದ."